ನೀರೊಲೆಯ ಹಿಂದಿನ ಗೋಡೆ

ಆ ಸೋಮವಾರವೂ ನಾನು ಎದ್ದದ್ದು ಹೊಗೆಯ ವಾಸನೆಗೆ. ಪಾಪಿನಾಯಕನಹಳ್ಳಿಯ ನಮ್ಮ ಮನೆಯಲ್ಲಿ ಬೆಳಗು ಮೊದಲು ಮೂಗಿಗೆ ಬರುತ್ತಿತ್ತು, ಆಮೇಲೆ ಕಣ್ಣಿಗೆ. ಹಿತ್ತಲ ಬಾಗಿಲಿನ ಸಂದಿಯಿಂದ ಹೊಗೆ ಒಳಗೆ ಹರಿದು ಬಂದು ಜಂತಿಯ ಕೆಳಗೆ ತೆಳ್ಳಗೆ ಹಾಸಿಕೊಳ್ಳುತ್ತಿತ್ತು. ಬೆಳಕಿಂಡಿಯಿಂದ ಇಳಿದ ಬಿಸಿಲಿನ ಕೋಲು ಅದನ್ನು ತೂರಿ ನೆಲ ಮುಟ್ಟುವಾಗ, ಹೊಗೆಯ ಜೊತೆ ಕೆಂಪು ಧೂಳಿನ ಕಣಗಳೂ ಆ ಕೋಲಿನೊಳಗೆ ತೇಲುತ್ತಿದ್ದವು. ಊರ ಮುಂದಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಒಂದರ ಹಿಂದೆ ಒಂದು ಓಡುತ್ತಿದ್ದ ಕಾಲ ಅದು. ನಾನು ಕೌದಿಯೊಳಗೇ ಇದ್ದು, ಕೈಯೊಂದನ್ನು ಹೊರಗೆ ಚಾಚಿ, ಆ ಬೆಳಕನ್ನು ಬೆರಳಿನಿಂದ ಕಲಕುತ್ತಿದ್ದೆ. ಹಿತ್ತಲಿನಿಂದ ಅವ್ವ ಬಿದಿರಿನ ಊದುಗೊಳವೆ ಊದುವ ಸದ್ದು ಬರುತ್ತಿತ್ತು, ಆಮೇಲೆ ಕೆಮ್ಮು, ಮತ್ತೆ ಊದುವ ಸದ್ದು. ನನಗೆ ಅವು ಬೇರೆ ಬೇರೆ ಸದ್ದುಗಳೆಂದು ಗೊತ್ತಿರಲಿಲ್ಲ. ಕೋಳಿ ಕೂಗುವ ಹಾಗೆ, ಮನೆಯ ಬೆಳಗು ಹೀಗೆ ಕೂಗುತ್ತದೆ ಎಂದುಕೊಂಡಿದ್ದೆ.

ನೀರೊಲೆ ಹಿತ್ತಲಿನ ಬೇವಿನ ಮರದ ಕೆಳಗಿತ್ತು. ನನ್ನ ಎದೆಯೆತ್ತರದ ಮಣ್ಣಿನ ಗೂಡು, ಅದರ ಹೊಟ್ಟೆಯಲ್ಲಿ ಕುತ್ತಿಗೆಯವರೆಗೆ ಹೂತ ತಾಮ್ರದ ಹಂಡೆ. ಅಜ್ಜಿ ಮದುವೆಯಾಗಿ ಬಂದಾಗಲೇ ಆ ಒಲೆ ಇತ್ತಂತೆ. ಬಾಯಿ ಎಷ್ಟು ಅಗಲವೆಂದರೆ ನಾನು ಬಗ್ಗಿ ಒಳಗೆ ಹೋಗಬಹುದಿತ್ತು. ಬಳ್ಳಾರಿ ಜಾಲಿಯ ಇಡೀ ಬೊಡ್ಡೆಯನ್ನೇ ಅದಕ್ಕೆ ತುರುಕಿ, ಉರಿದಷ್ಟು ಉರಿದಷ್ಟು ಕಾಲಿನಿಂದ ಒಳಗೆ ನೂಕುತ್ತಿದ್ದರು. ಅರ್ಧ ಬೆಂಕಿ ಹಂಡೆಯ ಕೆಳಗಿದ್ದರೆ ಅರ್ಧ ಬೆಂಕಿ ಬಾಯಿಯಿಂದ ಹೊರಗೆ ನಾಲಗೆ ಚಾಚುತ್ತಿತ್ತು. ಹೊಗೆಗೆ ಬೇರೆ ದಾರಿಯೇ ಇರಲಿಲ್ಲ, ಅದೂ ಬಾಯಿಯಿಂದಲೇ ಹೊರಟು ನೇರ ಅವ್ವನ ಮುಖಕ್ಕೆ ಬರುತ್ತಿತ್ತು. ಒಳಗೆ ಅಡುಗೆಗೆ ಗ್ಯಾಸು ಬಂದಿತ್ತು, ಆದರೆ ಹಂಡೆಗಟ್ಟಲೆ ನೀರು ಕಾಯಿಸಲು ಗ್ಯಾಸು ಸಾಲುತ್ತಿರಲಿಲ್ಲ. ಮೊದಲು ಆ ಒಲೆಯನ್ನು ದಿನಕ್ಕೆ ಒಮ್ಮೆ ಹಚ್ಚಿದರೆ ಸಾಕಾಗುತ್ತಿತ್ತಂತೆ. ಅಪ್ಪ ಗಣಿಯ ವರ್ಕ್‌ಶಾಪಿನಲ್ಲಿ ವೆಲ್ಡರ್ ಆದ ಮೇಲೆ, ಚಿಕ್ಕಪ್ಪ ಅಲ್ಲಿಯೇ ಲಾರಿ ತುಂಬಿಸುವ ಕೆಲಸಕ್ಕೆ ಸೇರಿದ ಮೇಲೆ, ಬೆಳಿಗ್ಗೆ ಒಂದು ಹಂಡೆ, ಸಂಜೆ ಎರಡು ಹಂಡೆ ಆಯಿತು. ಅದಿರಿನ ಪುಡಿ ಗ್ರೀಸಿನ ಜೊತೆ ಸೇರಿ ಮೈಗೆ ಹತ್ತಿದರೆ ತಣ್ಣೀರಿಗೆ ಜಗ್ಗುವುದಿಲ್ಲ, ಬಣ್ಣದ ಹಾಗೆ ಇನ್ನಷ್ಟು ಹರಡುತ್ತದೆ. ಸಂಜೆ ಅವರಿಬ್ಬರೂ ಹಿತ್ತಲಿಗೆ ಬಂದು ನಿಂತರೆ ಕಣ್ಣು, ಹಲ್ಲು ಮಾತ್ರ ಬೆಳ್ಳಗಿರುತ್ತಿದ್ದವು.

"ಯಾರಪ ನೀನು, ಯಾರ ಮನಿಯಾಂವ?" ಎಂದು ಅಜ್ಜಿ ಚಿಕ್ಕಪ್ಪನನ್ನು ದಿನವೂ ಕೇಳುತ್ತಿದ್ದಳು. "ಮೈ ತೊಳಕೊಂಡ ಬಾ, ಆಮ್ಯಾಲ ಗುರ್ತ ಹಿಡೀತೀನಿ."

"ನಾ ಹನುಮಪ್ಪ ಯವ್ವಾ. ಹಂಪಿಯಾಗ ಸಿಂಧೂರ ಹಚ್ಚಿ ಕಳಸ್ಯಾರ," ಎಂದು ಅವನು ಕೆನ್ನೆ ಉಬ್ಬಿಸಿ ನಿಲ್ಲುತ್ತಿದ್ದ.

ಅವರು ಮಿಂದ ನೀರು ಕೆಂಪಗೆ ಹರಿದು ಬಾಳೆಗಿಡದ ಬುಡಕ್ಕೆ ಹೋಗುತ್ತಿತ್ತು. ಈ ಸಲ ಕೆಂಪು ಬಾಳೆಹಣ್ಣೇ ಬಿಡುತ್ತದೆ ಎಂದು ಅಜ್ಜಿ ಹೇಳಿದ್ದನ್ನು ನಂಬಿ ನಾನು ಗೊನೆ ಕಾದಿದ್ದೂ ಉಂಟು.

ಒಲೆಯ ಬೆನ್ನಿಗೆ, ಬಾಯಿಯ ಆಚೆ ಬದಿಯಲ್ಲಿ, ಒಂದು ಉದ್ದನೆಯ ಚಪ್ಪಡಿಕಲ್ಲು ಇತ್ತು. ನನ್ನ ಬಾಲ್ಯ ನಡೆದದ್ದು ಹೆಚ್ಚಾಗಿ ಆ ಕಲ್ಲಿನ ಮೇಲೆಯೇ ಎಂದು ಈಗ ಅನ್ನಿಸುತ್ತದೆ. ಬೆಳಗಿನ ಮೊದಲ ಬಿಸಿನೀರು ಅಜ್ಜಿಗೆ. ಮಿಂದು, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ ಅವಳು ಆ ಕಲ್ಲಿನ ಮೇಲೆ ಕೂತು ಒಲೆಯ ಗೋಡೆಗೆ ಬೆನ್ನು ಕೊಡುತ್ತಿದ್ದಳು. ಒಳಗಿನ ಬೆಂಕಿ ಗೋಡೆಯನ್ನು ದಾಟಿ ಬರುವಷ್ಟರಲ್ಲಿ ಮೆತ್ತಗಾಗಿರುತ್ತಿತ್ತು. ಹಸುವಿನ ಹೊಟ್ಟೆಗೆ ಒರಗಿ ಕೂತ ಹಾಗಿರುತ್ತಿತ್ತು ಆ ಗೋಡೆ. ಗಂಡಸರು ಬುತ್ತಿ ಕಟ್ಟಿಸಿಕೊಂಡು ಹೋದ ಮೇಲೆ ಅವ್ವನೂ ಬಂದು ಅಜ್ಜಿಯ ಪಕ್ಕ ಕೂರುತ್ತಿದ್ದಳು, ನನ್ನನ್ನು ಮಂಡಿಯ ನಡುವೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಅಡುಗೆಮನೆಯಲ್ಲಿ ಅವರಿಬ್ಬರಿಗೂ ಆಗುತ್ತಿರಲಿಲ್ಲ. ರೊಟ್ಟಿ ದಪ್ಪವಾಯಿತು, ಪಲ್ಯಕ್ಕೆ ಶೇಂಗಾಪುಡಿ ಸುರಿದೆ, ಉಪ್ಪಿನ ಭರಣಿ ಮುಚ್ಚಲಿಲ್ಲ, ಇಂಥದ್ದಕ್ಕೆ ಮಾತು ಹತ್ತಿ ಪಾತ್ರೆಗಳ ಸದ್ದು ಜೋರಾಗುತ್ತಿತ್ತು. ಗೋಡೆಗೆ ಬೆನ್ನು ಕೊಟ್ಟ ಕೂಡಲೇ ಇಬ್ಬರೂ ಬೇರೆ ಹೆಂಗಸರಾಗುತ್ತಿದ್ದರು.

"ನಿನ್ನ ತವರಿನ ಅಕ್ಕಿ ಭಾಳ ಅಂಟವ್ವ," ಎಂದು ಆ ಸೋಮವಾರ ಅಜ್ಜಿ ಹೇಳಿದಳು. ಕಂಪ್ಲಿಯಿಂದ ಅವ್ವನ ಅಣ್ಣ ಒಂದು ಚೀಲ ಹೊಸ ಅಕ್ಕಿ ಕಳಿಸಿದ್ದ.

"ಅಂಟ್ಲಿ ಬಿಡ್ರಿ ಅತ್ತಿ. ಹಲ್ಲಿಲ್ಲದವ್ರಿಗೆ ಅದಾ ಚಲೋ."

"ನೋಡು ಶಾರಿ, ನಿಮ್ಮವ್ವ ನನ್ನ ಹಲ್ಲಿಗೆ ಬಂದ್ಲು."

"ಇದ್ದಿದ್ರ ಬರ್ತಿದ್ದೆ," ಎಂದಳು ಅವ್ವ. ಇಬ್ಬರೂ ನಕ್ಕರು. ನಗು ಅವ್ವನಿಗೆ ಕೆಮ್ಮಾಯಿತು. ಅಜ್ಜಿ ಅವಳ ಬೆನ್ನು ಸವರಿದಳು.

ನಾನು ಹಿಂದಕ್ಕೆ ಒರಗಿ ಅವ್ವನ ಪಕ್ಕೆಗೆ ಕಿವಿಯಿಟ್ಟೆ. ಅವಳ ಎದೆಯೊಳಗೆ ಒಂದು ಸಣ್ಣ ಸಿಳ್ಳೆ ಇತ್ತು. ಉಸಿರು ಬಿಟ್ಟಾಗಲೆಲ್ಲ, ದೂರದಲ್ಲಿ ಯಾರೋ ಊದಿದ ಹಾಗೆ ಬರುವ ಸಿಳ್ಳೆ. ಬೆನ್ನಿಗೆ ಗೋಡೆಯ ಕಾವು, ಕಿವಿಗೆ ಆ ಸಿಳ್ಳೆ, ಕಣ್ಣ ಮುಂದೆ ಬೇವಿನ ಎಲೆಗಳ ನಡುವೆ ಕೆಂಪಾಗಿ ಏರುವ ಬಿಸಿಲು. ಎಲ್ಲ ಅವ್ವಂದಿರ ಎದೆಯಲ್ಲೂ ಇಂಥದ್ದೊಂದು ಇರುತ್ತದೆ ಎಂದೇ ನಾನು ತಿಳಿದಿದ್ದೆ. ಅದನ್ನು ಕೇಳುತ್ತಾ ನನಗೆ ನಿದ್ದೆ ಬರುತ್ತಿತ್ತು. ಆ ದಿನವೂ ಬಂತು. ಶಾಲೆಗೆ ಹೊತ್ತಾಯಿತೆಂದು ಅವಳು ಜಡೆ ಎಳೆದು ಎಬ್ಬಿಸಿದಳು.

ಮರುದಿನ ಬೆಳಿಗ್ಗೆ ಊದುವ ಸದ್ದು ಬಂತು, ಕೆಮ್ಮು ಬಂತು, ಮತ್ತೆ ಊದುವ ಸದ್ದು ಬರಲಿಲ್ಲ. ನಾನು ಕೌದಿಯೊಳಗೆ ಕಾಯುತ್ತಲೇ ಇದ್ದೆ. ಆಮೇಲೆ ಅಜ್ಜಿಯ ಕೂಗು. ಅವ್ವ ಒಲೆಯ ಬಾಯಿಯ ಮುಂದೆ ಪಕ್ಕಕ್ಕೆ ಬಿದ್ದಿದ್ದಳು, ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು, ಕೈಯಲ್ಲಿ ಊದುಗೊಳವೆ ಹಾಗೆಯೇ ಇತ್ತು. ಚಿಕ್ಕಪ್ಪ ರಸ್ತೆಗೆ ಓಡಿ ಖಾಲಿ ಬರುತ್ತಿದ್ದ ಒಂದು ಲಾರಿಗೆ ಅಡ್ಡ ನಿಂತ. ಅಪ್ಪ ಅವಳನ್ನು ಎತ್ತಿಕೊಂಡು ಡ್ರೈವರನ ಪಕ್ಕ ಹತ್ತಿದ. ಲಾರಿ ಹೊಸಪೇಟೆಯ ಕಡೆ ಹೋದ ಮೇಲೆ ಧೂಳು ಕೂರುವವರೆಗೂ ನಾನು, ಅಜ್ಜಿ ರಸ್ತೆಯ ಅಂಚಿನಲ್ಲಿ ನಿಂತಿದ್ದೆವು. ಹಿತ್ತಲಿನಲ್ಲಿ ಯಾರೂ ನೂಕದ ಬೊಡ್ಡೆ ತನ್ನಷ್ಟಕ್ಕೆ ತಾನು ಹೊಗೆಯಾಡುತ್ತಿತ್ತು.

ಸಂಜೆ ಅಪ್ಪ ಒಬ್ಬನೇ ಬಂದ. ಅವನು ಅಜ್ಜಿಗೆ ಹೇಳಿದ್ದನ್ನು ನಾನು ಕಂಬದ ಹಿಂದೆ ನಿಂತು ಕೇಳಿದೆ.

"ಹೊಗಿ ಕುಡದು ಕುಡದು ಎದಿ ಕಟ್ಟೈತಂತ ಯವ್ವಾ. ಈಗ ಬದುಕ್ಯಾಳ. ಇನ್ನ ಹೊಗಿ ಸೋಕಬಾರ್ದಂತ. ಸೋಕಿದ್ರ, ಮುಂದಿನ ಸಲ ಲಾರಿ ಹತ್ತಸೋ ಕೆಲಸ ಇರಂಗಿಲ್ಲ ಅಂದ್ರು ಡಾಕ್ಟ್ರು."

ಆಸ್ಪತ್ರೆಯಿಂದ ಅವ್ವ ನಮ್ಮ ಮನೆಗೆ ಬರಲಿಲ್ಲ. ಅವಳ ಅಣ್ಣ, ನನ್ನ ಸೋದರಮಾವ, ಅಲ್ಲಿಂದಲೇ ಕಂಪ್ಲಿಗೆ ಕರೆದುಕೊಂಡು ಹೋದ. ಅವನು ಅಲ್ಲಿ ಅಕ್ಕಿ ಗಿರಣಿಯೊಂದರಲ್ಲಿ ಭತ್ತ ಬೇಯಿಸುವ ಬಾಯ್ಲರಿನ ಬೆಂಕಿ ನೋಡಿಕೊಳ್ಳುತ್ತಿದ್ದ. ಮಾತು ಕಡಿಮೆಯ ಮನುಷ್ಯ. ಬಸ್‌ಸ್ಟ್ಯಾಂಡಿನಲ್ಲಿ ಅಪ್ಪನಿಗೆ ಅವನು ಹೇಳಿದ್ದು ಇಷ್ಟೇ:

"ಬಾವಾರ, ನಿಮ್ಮ ಹಿತ್ತಲದಾಗ ಹೊಗಿ ನಿಂತ ದಿನ ಹೇಳಿ ಕಳಸ್ರಿ. ನಾನಾ ಕರಕೊಂಡ ಬಂದು ಬಿಡ್ತೀನಿ."

ಹಾಗಾಗಿ ನನಗೆ ಲೆಕ್ಕ ಸರಳವಾಗಿತ್ತು. ಒಲೆ ಸರಿಯಾದರೆ ಅವ್ವ ಬರುತ್ತಾಳೆ.

ಮೊದಲ ಕೆಲವು ದಿನ ಒಲೆಯನ್ನು ಹಚ್ಚಲೇ ಇಲ್ಲ. ಚಿಕ್ಕಪ್ಪ ತಣ್ಣೀರು ಸುರಿದುಕೊಂಡು, ಸಾಬೂನು ತಿಕ್ಕಿ ತಿಕ್ಕಿ, ಕೊನೆಗೆ ಕೆಂಪು ಪಟ್ಟೆಗಳ ಸಮೇತ ಊಟಕ್ಕೆ ಕೂರುತ್ತಿದ್ದ. ಅವನು ಮಲಗಿದ ಚಾಪೆಯ ಮೇಲೆ ಅವನ ಆಕಾರವೇ ಕೆಂಪಗೆ ಮೂಡುತ್ತಿತ್ತು. ಅಜ್ಜಿ ತಣ್ಣೀರಿನಲ್ಲಿ ಮಿಂದು ಪೂಜೆಗೆ ಕೂತು ನಡುಗುವುದನ್ನು ಅಪ್ಪ ಎರಡು ದಿನ ನೋಡಿದ. ಮೂರನೆಯ ದಿನ ಬೆಳಿಗ್ಗೆ ಅವನು ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಅದರ ಬಾಯೊಳಗೆ ಬಹಳ ಹೊತ್ತು ಇಣುಕಿದ. ಹುಟ್ಟಿದಾಗಿನಿಂದ ಇದ್ದ ಒಲೆಯನ್ನು ಅವನು ಮೊದಲ ಸಲ ನೋಡುತ್ತಿರುವ ಹಾಗೆ ಕಂಡಿತು.

ಅಪ್ಪ ಕಬ್ಬಿಣದ ಕೆಲಸದವನು. ಎಲ್ಲಕ್ಕೂ ಉತ್ತರ ಕಬ್ಬಿಣದಲ್ಲಿ ಇರುತ್ತದೆ ಎಂದು ನಂಬಿದವನು. ವರ್ಕ್‌ಶಾಪಿನ ಗುಜರಿಯಿಂದ ಲಾರಿಯ ಹಳೆಯ ಸೈಲೆನ್ಸರ್ ಪೈಪು ತಂದು ಒಲೆಯ ನೆತ್ತಿಗೆ ಕೊಳವೆ ಕೂರಿಸಿದ. ಅಗಲದ ಬಾಯಿಗೆ ದಪ್ಪ ತಗಡಿನ ಬಾಗಿಲು ಮಾಡಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತೋ ಏನೋ. ಆದರೆ ನಮ್ಮ ಊರಲ್ಲಿ ಆಗ ಇನ್ನೊಂದು ರೂಢಿ ಬೆಳೆದಿತ್ತು. ಲಾರಿಗಳಿಂದ ಉದುರಿ ರಸ್ತೆಯಂಚಿನಲ್ಲಿ ಗುಡ್ಡೆಬಿದ್ದ ಅದಿರಿನ ಪುಡಿಯನ್ನು ಹೆಂಗಸರು ಬಳಿದು ತಂದು, ಕೆಮ್ಮಣ್ಣಿನ ಬದಲಿಗೆ ಗೋಡೆಯ ಅಂಚಿಗೆ, ಕಟ್ಟೆಗೆ ಸಾರಿಸುತ್ತಿದ್ದರು. ಒಣಗಿದ ಮೇಲೆ ಅದು ಹೊಳೆಯುತ್ತಿತ್ತು. ಅಪ್ಪ ಅದನ್ನೇ ಬುಟ್ಟಿಗಟ್ಟಲೆ ತಂದ. ಒಲೆಗೆ ಅಜ್ಜಿಯ ಕಾಲದಿಂದ ಮೆತ್ತುತ್ತ ಬಂದಿದ್ದ ಹೊಟ್ಟು ಬೆರೆಸಿದ ದಪ್ಪ ಮಣ್ಣನ್ನೆಲ್ಲ ಕೆತ್ತಿ ತೆಗೆದು, ಅದಿರಿನ ಪುಡಿ ಕಲಸಿದ ಮಣ್ಣನ್ನು ಮೆತ್ತಿದ.

"ಕಬ್ಬಿಣ ಕಾವು ಹಿಡೀತೈತಿ," ಎಂದು ನನಗೆ ಹೇಳಿದ. "ಒಮ್ಮೆ ಕಾದ್ರ ಆರಂಗಿಲ್ಲ. ಕಟ್ಟಿಗಿ ಅರ್ಧ ಸಾಕು. ನಿಮ್ಮವ್ವ ಬರೋ ಅಮಾಸಿಗೆ ಇಲ್ಲಿ ಇರ್ತಾಳ ನೋಡು."

ಒಲೆ ಕಡುಗೆಂಪಾಗಿ ಹೊಳೆಯುತ್ತಾ, ಬೇವಿನ ನೆರಳಿನಲ್ಲಿ ಹೊಸದಾಗಿ ಕಂಡ ಯಾವುದೋ ದೇವರ ಹಾಗೆ ನಿಂತಿತ್ತು. ಹಚ್ಚಿದೆವು. ಅಜ್ಜಿ ಕಲ್ಲಿನ ಮೇಲೆ ಕೂತು ಬೆನ್ನು ಕೊಟ್ಟವಳು ಹಾ ಎಂದು ಮುಂದಕ್ಕೆ ಸರಿದಳು. ಗೋಡೆ ಹೆಂಚಿನಂತೆ ಕಾದಿತ್ತು.

"ಈಗ ಒಲಿ ಒಲಿಯಂಗಾತು," ಎಂದು ಅಜ್ಜಿಗೆ ಖುಷಿಯೋ ಖುಷಿ. "ಇದರ ಮ್ಯಾಲ ರೊಟ್ಟಿ ಬಡೀಬೌದು."

ಚಿಕ್ಕಪ್ಪ ಹಂಡೆಯೊಳಗೆ ಕೈಯಿಟ್ಟ. "ಅಣ್ಣಾ, ಗ್ವಾಡಿಗೆ ಸ್ನಾನ ಮಾಡಸೋದಿದ್ರ ಮಸ್ತ್ ಆಗೈತಿ. ನೀರು ಇನ್ನಾ ತಣ್ಣಗ ಐತಿ."

ಅಪ್ಪ ನಗಲಿಲ್ಲ. ಇನ್ನೊಂದು ಬೊಡ್ಡೆ ತುರುಕಿ ಬಾಗಿಲು ಹಾಕಿದ. ಗಾಳಿ ಕಟ್ಟಿದ ಒಲೆ ಒಳಗೊಳಗೇ ಮುಲುಗುಟ್ಟಿ, ಬಾಗಿಲಿನ ಸುತ್ತ, ಕೊಳವೆಯ ಬುಡದ ಸುತ್ತ, ಎಲ್ಲ ಸಂದಿಗಳಿಂದ ಹಳದಿ ಹೊಗೆ ಕಕ್ಕಿತು. ಅವ್ವ ಊದುತ್ತಿದ್ದಾಗಲೂ ಅಷ್ಟು ಹೊಗೆಯನ್ನು ನಾನು ನೋಡಿರಲಿಲ್ಲ. ಅಮಾವಾಸ್ಯೆ ಬಂತು, ಹೋಯಿತು. ಅಪ್ಪ ದಿನಾ ಸಂಜೆ ಏನೋ ಒಂದನ್ನು ಕಿತ್ತು ಇನ್ನೊಂದನ್ನು ಕೂರಿಸುತ್ತಿದ್ದ. ಮಣ್ಣನ್ನು ಮಾತ್ರ ಮುಟ್ಟಲಿಲ್ಲ, ಅದರ ಮೇಲೆ ಅವನಿಗೆ ಅನುಮಾನವೇ ಬಂದಿರಲಿಲ್ಲ.

ಒಂದು ಭಾನುವಾರ ಅಪ್ಪ ನನ್ನನ್ನು ಕಂಪ್ಲಿಗೆ ಕರೆದುಕೊಂಡು ಹೋದ. ಬಸ್ಸು ಗುಡ್ಡಗಳ ಕಡೆಯಿಂದ ಕಾಲುವೆಯ ಕಡೆಗೆ ತಿರುಗಿದ ಮೇಲೆ ಲೋಕದ ಬಣ್ಣವೇ ಬದಲಾಗುತ್ತಿತ್ತು. ಕೆಂಪು ಎಲ್ಲೋ ಹಿಂದೆ ಉಳಿದು, ಹಸಿರು ಗದ್ದೆ, ಕಬ್ಬು, ನೀರಿನ ಮೇಲೆ ನಿಂತ ಬಿಳಿ ಕೊಕ್ಕರೆಗಳು. ಮಾವನ ಮನೆಯ ಕಟ್ಟೆಯ ಮೇಲೆ ಅವ್ವ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಾನು ಓಡಿಹೋಗಿ ಅವಳ ಪಕ್ಕೆಗೆ ಕಿವಿಯಿಟ್ಟೆ. ಸಿಳ್ಳೆ ಸಣ್ಣದಾಗಿತ್ತು, ಆದರೆ ಇತ್ತು.

"ಏನ ಕೇಳ್ತಿ ಅಲ್ಲಿ?" ಎಂದಳು.

"ಅದು ಐತೇನಂತ ನೋಡ್ದೆ."

ಅವಳು ನನ್ನ ನೆತ್ತಿಯ ಮೇಲೆ ಗದ್ದವಿಟ್ಟಳು. ಆಮೇಲೆ ಕೇಳಿದ್ದು ಅಜ್ಜಿಯ ಬಗ್ಗೆ. ಅತ್ತಿ ಹೊತ್ತಿಗೆ ಉಣ್ತಾರೇನು, ಎಲ್ಲಿ ಕುಂದ್ರತಾರ, ಯಾರ ಜೋಡಿ ಮಾತಾಡ್ತಾರ.

ಮಧ್ಯಾಹ್ನ ಮಾವ ನಮ್ಮನ್ನು ಗಿರಣಿಗೆ ಕರೆದೊಯ್ದ. ಭಾನುವಾರವೂ ಬೆಂಕಿ ಆರುವಂತಿರಲಿಲ್ಲ. ದೊಡ್ಡ ಇಟ್ಟಿಗೆಯ ಭಟ್ಟಿ, ಒಳಗೆ ಭೋರ್ ಎನ್ನುವ ಸದ್ದು. ಮಾವ ಅಪ್ಪನ ಕೈ ಹಿಡಿದು ಅದರ ಹೊರಗೋಡೆಯ ಮೇಲೆ ಇಟ್ಟ. ಅಪ್ಪ ಕೈಯನ್ನು ಎಳೆದುಕೊಳ್ಳಲು ಹೋಗಿ, ಎಳೆದುಕೊಳ್ಳದೆ ಹಾಗೆಯೇ ನಿಂತ. ನಾನೂ ಮುಟ್ಟಿದೆ. ಗೋಡೆ ತಣ್ಣಗಿತ್ತು.

"ಒಳಗ ಬೆಂಕಿ ಐತಿ ಅಂತ ಹೊರಗ ನಿಂತಾಂವಗ ಗೊತ್ತಾಗಬಾರ್ದು ಬಾವಾರ," ಎಂದ ಮಾವ. "ಗೊತ್ತಾತು ಅಂದ್ರ ಅಷ್ಟು ಕಾವು ಹೊರಗ ಹೋತು ಅಂತ. ನಿಮ್ಮ ಗ್ವಾಡಿ ಹೆಂಗೈತಿ?"

ಅಪ್ಪ ಗೋಡೆಯಿಂದ ಕೈ ತೆಗೆದ. "ಹೆಂಚಿನಂಗ ಸುಡತೈತಿ," ಎಂದ.

ಮಾವ ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಆಮೇಲೆ ಅವನು ಮಾತಾಡಿದ. ಅಷ್ಟೊಂದು ಮಾತು ಅವನಲ್ಲಿ ಇತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಹೊಗೆ ಎಂದರೆ ಸುಡದೆ ಉಳಿದ ಕಟ್ಟಿಗೆಯೇ, ಹೊಗೆ ಕಂಡರೆ ಕಟ್ಟಿಗೆ ಹಾಳಾಯಿತೆಂದು ತಿಳಿಯಬೇಕು. ಗಾಳಿ ಬಾಯಿಯಿಂದ ಬರಬಾರದು, ಬೆಂಕಿಯ ಕೆಳಗಿನಿಂದ ಬರಬೇಕು. ಹಸಿ ಬೊಡ್ಡೆ ಬೇಡ, ಬೇಸಿಗೆಯಲ್ಲಿ ಸೀಳಿ ಒಣಗಿಸಿದ ತೆಳು ಕಟ್ಟಿಗೆ ಬೇಕು. ದೊಡ್ಡ ಬೆಂಕಿಗಿಂತ ಚುರುಕಾದ ಸಣ್ಣ ಬೆಂಕಿ ಮೇಲು. ಬೆಂಕಿ ನೋಡಬೇಕೆಂದರೆ ಒಲೆಯ ಬಾಯಿ ನೋಡಬಾರದು, ಕೊಳವೆಯ ತುದಿ ನೋಡಬೇಕು. ಹೊರಡುವಾಗ ಮೂರು ಚೀಲ ಭತ್ತದ ಹೊಟ್ಟಿನ ಬೂದಿಯನ್ನು ಬಸ್ಸಿನ ಮೇಲೆ ಹಾಕಿಸಿದ. ಗೋಡೆಗಳ ನಡುವೆ ಇದನ್ನು ತುಂಬಿದರೆ ಕಾವು ಎಲ್ಲೂ ಹೋಗುವುದಿಲ್ಲ ಎಂದ. ಕಂಡಕ್ಟರು ಚೀಲ ಮುಟ್ಟಿ ನೋಡಿ, ಬೂದಿಯನ್ನು ಕಂಪ್ಲಿಯಿಂದ ಹೊತ್ತುಕೊಂಡು ಹೋಗುವವರನ್ನು ಇವತ್ತೇ ಮೊದಲು ಕಂಡದ್ದು ಎಂದು ಗೊಣಗಿದ.

ಅಪ್ಪ ಆ ಕೆಂಪು ಒಲೆಯನ್ನು ತಾನೇ ಹಾರೆಯಿಂದ ಒಡೆದ. ಒಡೆಯುವಾಗ ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ, ನಾಚಿಕೆ ಇತ್ತು. ಈ ಸಲ ಅವನು ಅವಸರ ಮಾಡಲಿಲ್ಲ. ತಳದಲ್ಲಿ ಲಾರಿ ಕಮಾನಿನ ಹಳೆಯ ಉಕ್ಕಿನ ಪಟ್ಟಿಗಳನ್ನು ಬೆರಳು ಸಂದಿ ಬಿಟ್ಟು ಜೋಡಿಸಿದ, ಬೆಂಕಿ ಅದರ ಮೇಲೆ, ಬೂದಿ ಉದುರುವ ಜಾಗ ಅದರ ಕೆಳಗೆ, ಗಾಳಿಗೆ ಅಲ್ಲೊಂದು ಸಣ್ಣ ಕಿಂಡಿ. ಬಾಯಿಯನ್ನು ಒಂದು ಗೇಣಿಗೆ ಇಳಿಸಿದ. ಬೆಂಕಿ ನೇರ ಮೇಲೆ ಓಡಿಹೋಗದೆ ಹಂಡೆಯನ್ನು ಒಂದು ಸುತ್ತು ಹಾಕಿಯೇ ಕೊಳವೆ ಸೇರುವಂತೆ ಒಳಗೆ ಇಟ್ಟಿಗೆಯ ಅಡ್ಡ ಕಟ್ಟಿದ. ಹೊರಗೆ ಎರಡು ಗೋಡೆ, ನಡುವೆ ಮಾವ ಕೊಟ್ಟ ಬೂದಿ. ಬೂದಿ ಸುರಿಯುವುದು ನನ್ನ ಕೆಲಸವಾಗಿತ್ತು. ಅದು ಎಷ್ಟು ಹಗುರವೆಂದರೆ ಸುರಿದದ್ದು ಕೆಳಗೆ ಬೀಳಲು ಮರೆತ ಹಾಗೆ ಗಾಳಿಯಲ್ಲಿ ನಿಲ್ಲುತ್ತಿತ್ತು. ನನ್ನ ರೆಪ್ಪೆ, ಕೂದಲು, ಬೇವಿನ ಎಲೆ ಎಲ್ಲ ಬೆಳ್ಳಗಾಗಿ, ಕೆಂಪು ಊರಿನ ನಡುವೆ ನಮ್ಮ ಹಿತ್ತಲು ಒಂದೇ ಬೂದುಬಣ್ಣದ ಕನಸಿನ ಹಾಗೆ ಕಾಣುತ್ತಿತ್ತು. ಇದು ತುಂಬಿದಷ್ಟೂ ಅವ್ವ ಹತ್ತಿರ ಬರುತ್ತಾಳೆ ಎಂದು ನಾನು ಬುಟ್ಟಿ ಬುಟ್ಟಿಗೂ ಹೇಳಿಕೊಂಡೆ.

ಮಣ್ಣು ಒಣಗಲು ಬಿಟ್ಟು, ಎಂಟು ದಿನಕ್ಕೆ ಹಚ್ಚಿದ. ಮೊದಲು ಕೊಳವೆಯಿಂದ ಒಂದಿಷ್ಟು ಬಿಳಿ ಹೊಗೆ ಬಂತು. ಅಪ್ಪ ಹಿತ್ತಲಿನ ನಡುವೆ ನಿಂತು ಕತ್ತೆತ್ತಿ ಅದನ್ನೇ ನೋಡುತ್ತಿದ್ದ. ಒಲೆಯೊಳಗೆ ಗಿರಣಿಯ ಭಟ್ಟಿಯಂತೆ ಸಣ್ಣಗೆ ಭೋರ್ ಎಂದಿತು. ಹೊಗೆ ತೆಳ್ಳಗಾಯಿತು, ಆಮೇಲೆ ಇಲ್ಲವಾಯಿತು. ಕೊಳವೆಯ ತುದಿಯಲ್ಲಿ ಗಾಳಿ ಮಾತ್ರ ನೀರಿನ ಹಾಗೆ ಅಲುಗುತ್ತಿತ್ತು, ಅದರ ಹಿಂದಿನ ಬೇವಿನ ಕೊಂಬೆಯೂ ಅಲುಗುತ್ತಿರುವಂತೆ ಕಾಣುತ್ತಿತ್ತು. ಒಂದು ತೋಳುತುಂಬ ಕಟ್ಟಿಗೆ ನುಂಗುತ್ತಿದ್ದ ಹಂಡೆ ಐದು ಸೀಳಿಗೆ ಕುದಿಯಿತು. ಚಿಕ್ಕಪ್ಪ ಬೆರಳು ಅದ್ದಿ, ಸುಟ್ಟುಕೊಂಡು, ಬಾಯಲ್ಲಿಟ್ಟುಕೊಂಡ. ಅಪ್ಪ ಇನ್ನೂ ಮೇಲೆಯೇ ನೋಡುತ್ತಿದ್ದ. ಅವನ ಕೆನ್ನೆಯ ಮೇಲಿನ ಕೆಂಪು ಧೂಳಿನಲ್ಲಿ ಎರಡು ಗೆರೆ ಇಳಿದಿದ್ದವು. ಹೊಗೆಯೇ ಇರಲಿಲ್ಲವಾದ್ದರಿಂದ ಅದನ್ನು ಹೊಗೆಯ ಮೇಲೆ ಹಾಕುವಂತಿರಲಿಲ್ಲ.

ಅಜ್ಜಿ ಪೂಜೆ ಮುಗಿಸಿ ಬಂದು ಕಲ್ಲಿನ ಮೇಲೆ ಕೂತಳು. ಬೆನ್ನು ಕೊಟ್ಟಳು. ಅತ್ತಿತ್ತ ಸರಿದು ಮತ್ತೆ ಕೊಟ್ಟಳು.

"ಒಲಿ ಹಚ್ಚಿಲ್ಲೇನಪ?"

"ಹಚ್ಚೀನಿ ಯವ್ವಾ. ನೀನಾ ಈಗ ಮಿಂದು ಬಂದಿ."

"ಮತ್ತ ಕಾವೆಲ್ಲಿ ಹೋತು?"

"ಎಲ್ಲಾ ನೀರಾಗೈತಿ," ಎಂದ ಅಪ್ಪ, ಹೆಮ್ಮೆಯಿಂದ.

ಅಜ್ಜಿ ಗೋಡೆಯನ್ನು ಅಂಗೈಯಿಂದ ಒಮ್ಮೆ ಸವರಿದಳು. "ಚಲೋ ಆತು ಬಿಡು," ಎಂದು ಎದ್ದು ಒಳಗೆ ಹೋಗಿ ಕೌದಿ ಹೊದ್ದು ಕೂತಳು.

ಆ ವಾರವೇ ಅವ್ವ ಬಂದಳು. ಮಾವ ಮೊದಲು ಒಬ್ಬನೇ ಹಿತ್ತಲಿಗೆ ಹೋಗಿ, ಕೊಳವೆಯ ತುದಿ ನೋಡಿ, ಗೋಡೆಯ ಸುತ್ತ ಕೈಯಾಡಿಸಿ, ಆಮೇಲೆ ತಂಗಿಯನ್ನು ಒಳಗೆ ಕರೆದ. ಊದುಗೊಳವೆ ಎಲ್ಲಿ ಎಂದು ಅವಳು ಅಭ್ಯಾಸದಿಂದ ಕೇಳಿದಾಗ ಅಪ್ಪ ಅದನ್ನು ಬೆಂಕಿಗೆ ಹಾಕಿಯಾಗಿತ್ತು. ಬೆಳಿಗ್ಗೆ ಕೆಮ್ಮಿನ ಸದ್ದಿಲ್ಲದೆ ನನಗೆ ಎಚ್ಚರವೇ ಆಗುತ್ತಿರಲಿಲ್ಲ. ಬೆಳಕಿಂಡಿಯ ಕೋಲಿನಲ್ಲಿ ಈಗ ಧೂಳು ಮಾತ್ರ ಇತ್ತು. ಎಲ್ಲವೂ ನಾವು ಬಯಸಿದ ಹಾಗೆಯೇ ಆಗಿತ್ತು.

ಅವ್ವ ಮೊದಲ ದಿನ ನನ್ನ ತಲೆ ಬಾಚಲು ಕಲ್ಲಿನ ಮೇಲೆ ಕೂತು, ಬೆನ್ನು ಕೊಟ್ಟು, ಥಟ್ಟನೆ ತಿರುಗಿ ಗೋಡೆಯನ್ನು ನೋಡಿದಳು. ಎರಡನೆಯ ದಿನ ಒಳಗೇ ಬಾಚಿದಳು. ಅಜ್ಜಿ ಕೋಣೆಯಿಂದ ಹೊರಗೆ ಬರುವುದು ಕಡಿಮೆಯಾಯಿತು. ಅವರಿಬ್ಬರೂ ಎದುರಾಗುತ್ತಿದ್ದದ್ದು ಅಡುಗೆಮನೆಯಲ್ಲಿ ಮಾತ್ರ. ಅಲ್ಲಿ ಉಪ್ಪಿನ ಭರಣಿ ಇತ್ತು, ರೊಟ್ಟಿಯ ದಪ್ಪ ಇತ್ತು. ಜಗಳ ಅಲ್ಲಿ ಶುರುವಾಗಿ ಅಲ್ಲಿಯೇ ಉಳಿಯಿತು, ಅದನ್ನು ತೆಗೆದುಕೊಂಡು ಹೋಗಿ ಕರಗಿಸುವ ಜಾಗ ಇರಲಿಲ್ಲ. ಒಂದು ದಿನ ಅಜ್ಜಿ ಅವ್ವನ ಕೈಯ ರೊಟ್ಟಿ ತಿನ್ನದೆ ಮಂಡಕ್ಕಿ ತಿಂದು ಮಲಗಿದಳು. ಅವತ್ತು ಅವ್ವ ಅಪ್ಪನಿಗೆ ಹೇಳಿದಳು:

"ಆ ಹಿಂದಿನ ಗ್ವಾಡಿಯಾಗಿನ ಬೂದಿ ತಗೀರಿ."

"ಯಾಕ?"

"ಅತ್ತಿ ಕುಂದ್ರೋವಷ್ಟು. ಎಲ್ಲಾ ಬ್ಯಾಡ."

"ತಿಳದು ಮಾತಾಡ್ತೀಯೇನು? ಒಂದೊಂದು ಸೀಳು ಉಳಸಾಕ ಎಷ್ಟು ಒದ್ದಾಡೀನಿ. ಕಾವು ಹೊರಗ ಬಿಟ್ರ ಕಟ್ಟಿಗಿ ಹೆಚ್ಚು ಬೇಕು, ಕಟ್ಟಿಗಿ ಹೆಚ್ಚಾದ್ರ ಹೊಗಿ. ಡಾಕ್ಟ್ರು ಏನಂದಾರ ಮರತಿಯೇನು?"

"ಮರತಿಲ್ಲ."

"ನಿನ್ನ ಉಸಿರಿಗೆ ಕಟ್ಟಿದ ಒಲಿ ಅದು," ಎಂದ ಅಪ್ಪ. ಅಜ್ಜಿ ತಿನ್ನದೆ ಬಿಟ್ಟ ರೊಟ್ಟಿಯನ್ನು ಅವ್ವ ಮುಚ್ಚಿಟ್ಟಳು.

ಮರುದಿನ ಗಂಡಸರು ಕೆಲಸಕ್ಕೆ ಹೋದ ಮೇಲೆ ಅವಳು ಮೂಗಿಗೆ ಸೆರಗು ಕಟ್ಟಿಕೊಂಡು ಹಾರೆ ತೆಗೆದುಕೊಂಡಳು. ಒಲೆಯ ಬೆನ್ನಿನಲ್ಲಿ, ಕಲ್ಲಿನ ಮೇಲೆ ತಾನೇ ಕೂತು, ಎರಡು ಬೆನ್ನು ಎಷ್ಟು ಅಗಲವೋ ಅಷ್ಟಕ್ಕೆ ಇದ್ದಿಲಿನಿಂದ ಗೆರೆ ಎಳೆದಳು. ಅಷ್ಟು ಜಾಗದ ಹೊರಗೋಡೆಯನ್ನು ಬಿಚ್ಚಿ, ಬೂದಿಯನ್ನು ನನ್ನ ಬುಟ್ಟಿಗೆ ಸುರಿಸಿ, ಮಿಕ್ಕ ಬೂದಿ ಸುರಿಯದಂತೆ ಅಕ್ಕಪಕ್ಕ ಇಟ್ಟಿಗೆ ಸಿಕ್ಕಿಸಿ, ಒಳಗೋಡೆಗೇ ಮಣ್ಣು ಮೆತ್ತಿದಳು. ನಡುನಡುವೆ ಕೂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಸಿಳ್ಳೆ ನನಗೆ ಬುಟ್ಟಿ ಹಿಡಿದು ನಿಂತಲ್ಲಿಗೇ ಕೇಳಿಸುತ್ತಿತ್ತು. ಅಜ್ಜಿ ಹಿತ್ತಲ ಬಾಗಿಲಲ್ಲಿ ಬಂದು ನಿಂತಳು, ಬಹಳ ಹೊತ್ತು ನೋಡಿದಳು.

"ಮಣ್ಣು ತೆಳುವಾತು. ಅಷ್ಟು ನೀರು ಹಾಕಬಾರ್ದಿತ್ತು," ಎಂದಳು.

"ಬಂದು ಕಲಸ್ರಿ ಮತ್ತ," ಎಂದಳು ಅವ್ವ.

ಅಜ್ಜಿ ಸೀರೆ ಎತ್ತಿ ಕಟ್ಟಿ ಬಂದು ಮಣ್ಣಿಗೆ ಕೈ ಹಾಕಿದಳು.

ಸಂಜೆ ಅಪ್ಪ ಗೋಡೆಯನ್ನು ನೋಡಿದ. ಒಲೆ ಹಚ್ಚಿದ, ಹಿತ್ತಲಿನ ನಡುವೆ ಹೋಗಿ ನಿಂತು ಕತ್ತೆತ್ತಿದ. ನಾನೂ ಅವನ ಪಕ್ಕ ನಿಂತೆ. ಹೊಗೆ ಬಂದರೆ ಅವ್ವ ಮತ್ತೆ ಕಂಪ್ಲಿಗೆ ಹೋಗಬೇಕು. ಬಿಳಿ ಹೊಗೆ ಬಂತು, ತೆಳ್ಳಗಾಯಿತು, ಹೋಯಿತು. ಬೇವಿನ ಕೊಂಬೆ ಬಿಸಿಗಾಳಿಯ ಹಿಂದೆ ಅಲುಗಿತು. ಹಂಡೆ ಕುದಿಯಲು ಈ ಸಲ ಏಳು ಸೀಳು ಬೇಕಾದವು.

"ಎರಡು ಹೆಚ್ಚಾದುವು," ಎಂದ ಅಪ್ಪ.

"ಆ ಎರಡು ನಾ ಸೀಳ್ತೀನಿ ತಗೋರಿ," ಎಂದಳು ಅವ್ವ ಕಲ್ಲಿನ ಮೇಲಿನಿಂದ. ಪಕ್ಕದಲ್ಲಿ ಅಜ್ಜಿ ಕಣ್ಣು ಮುಚ್ಚಿ ಕೂತಿದ್ದಳು. ಅಪ್ಪ ಆ ಗೋಡೆಯನ್ನು ಮತ್ತೆ ಮುಚ್ಚಲಿಲ್ಲ.

ಅಜ್ಜಿ ಆ ಕಲ್ಲಿನ ಮೇಲೆ ಇನ್ನೂ ನಾಲ್ಕು ಚಳಿಗಾಲ ಕೂತಳು. ಗಣಿ ಮುಚ್ಚಿತು, ಲಾರಿಗಳು ನಿಂತುಹೋದವು, ಮಳೆಗೆ ರಸ್ತೆಯ ಕೆಂಪು ತೊಳೆದುಹೋಯಿತು, ಅಪ್ಪ ಹೊಸಪೇಟೆಯಲ್ಲಿ ಗೇಟು, ಕಿಟಕಿ ಮಾಡುವ ಅಂಗಡಿ ಸೇರಿದ. ನನ್ನ ಮದುವೆಯೂ ಊರಲ್ಲಿಯೇ ಆಯಿತು, ನಾಲ್ಕು ಮನೆ ಆಚೆ. ಅಂಗನವಾಡಿಯ ಕೆಲಸಕ್ಕೆ ಹೋಗುವ ಮೊದಲು ನಾನು ದಿನವೂ ಬಂದು ಅವ್ವನ ಪಕ್ಕ ಆ ಗೋಡೆಗೆ ಒರಗಿ ಚಹಾ ಕುಡಿಯುತ್ತಿದ್ದೆ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಹದಿನೆಂಟು ಚಳಿಗಾಲ ಬದುಕಿದಳು. ಡಾಕ್ಟರು ಅಷ್ಟನ್ನು ನಿರೀಕ್ಷಿಸಿರಲಿಲ್ಲ. ಹೋದ ವರ್ಷ, ಚಳಿ ಬಿಡುವ ಹೊತ್ತಿಗೆ, ಆ ಉಸಿರು ನಿಂತಿತು.

ಮಣ್ಣು ಕೊಟ್ಟು ಬಂದವರಿಗೆ ಮೀಯಲು ನೀರು ಬೇಕಿತ್ತು. ಯಾರೂ ಹೇಳದಿದ್ದರೂ ಅಪ್ಪ ಹೋಗಿ ಒಲೆ ಹಚ್ಚಿದ. ಏಳು ಸೀಳು ಎಣಿಸಿ ಇಟ್ಟ, ಕೊಳವೆಯ ತುದಿ ನೋಡಿದ. ಎಲ್ಲರೂ ಮಿಂದು ಹೋದ ಮೇಲೆ ನಾನು ಕಲ್ಲಿನ ಮೇಲೆ ಕೂತೆ. ಈಗಲೂ ಬೆಳಿಗ್ಗೆ ಹೋಗಿ ಕೂರುತ್ತೇನೆ. ಮಣ್ಣಿನಲ್ಲಿ ಎರಡು ಬೆನ್ನು ಒರಗಿ ಒರಗಿ ನುಣುಪಾದ ಜಾಗ ಹಾಗೆಯೇ ಇದೆ, ಬೇವಿನ ಮರವಿದೆ, ಬಿಸಿಲು ಎಲೆಗಳ ನಡುವೆ ಬರುತ್ತದೆ. ಗೋಡೆ ಬೆಚ್ಚಗಿರುತ್ತದೆ. ಹಿತ್ತಲಿನಲ್ಲಿ ಹೊಗೆಯಿಲ್ಲ. ನಾನು ಕಿವಿಗೊಟ್ಟು ಕೂರುತ್ತೇನೆ. ಅವ್ವನ ಎದೆಯ ಸಿಳ್ಳೆ ಇಲ್ಲ.